ವೇಯ್‌ಶಿಯೆನ್ ಶಿಬಿರ, 1943–45: ಒಲೆ, ನೀರು, ಪಾಯಿಖಾನೆ, ಸರದಿ ಇವೆಲ್ಲ ದಿನಾ ಹೇಗೆ ನಡೆಯುತ್ತಿದ್ದವು?

ಕಡತಪ್ರಿಯ
ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಚೀನಾದಲ್ಲಿ ನಡೆಸಿದ ವೇಯ್‌ಶಿಯೆನ್ ಶಿಬಿರದ ಬಗ್ಗೆ ಎಲ್ಲೇ ಓದಿದರೂ ಒಂದೋ ಅಲ್ಲಿ ಸೆರೆಯಿದ್ದ ಒಲಿಂಪಿಕ್ ಓಟಗಾರ ಎರಿಕ್ ಲಿಡೆಲ್ ಹೆಸರು ಸಿಗುತ್ತದೆ, ಇಲ್ಲವೇ 1945ರ ಆಗಸ್ಟ್ 17ರಂದು ಶಿಬಿರ ಬಿಡಿಸಲು ಪ್ಯಾರಾಚೂಟ್ ಕಟ್ಟಿಕೊಂಡು ಇಳಿದ ಏಳು ಜನರ ಅಮೆರಿಕನ್ ಸೇನಾ ತಂಡದ ಕಥೆ ಸಿಗುತ್ತದೆ. ನಡುವಿನ ಎರಡೂವರೆ ವರ್ಷ ಬೆಳಗಾದರೆ ಒಲೆ ಹಚ್ಚಿದವರು ಯಾರು, ನೀರು ಎಲ್ಲಿಂದ ಬಂತು, ಪಾಯಿಖಾನೆ ತೊಳೆದವರು ಯಾರು ಎಂಬುದು ತಿಳಿದವರಿಂದ ಬೇಕು. ಹಿಟ್ಟು ಬರುತ್ತಿತ್ತು, ತರಕಾರಿ ಬರುತ್ತಿತ್ತು ಎನ್ನುತ್ತಾರೆ. ಹಾಗಿದ್ದೂ ಜನ ಅಷ್ಟು ಸೊರಗಿದ್ದೇಕೆ? ಇದು ಯುದ್ಧಕೈದಿಗಳ ಶಿಬಿರವೇ, ಬೇರೆಯೇ?

ಒಲೆಮನೆ
ಮೊದಲು ಕೊನೆಯ ಪ್ರಶ್ನೆ. ಇದು ಸೈನಿಕರ ಶಿಬಿರವಲ್ಲ. ಉತ್ತರ ಚೀನಾದ ಪೀಕಿಂಗ್, ತಿಯೆಂತ್ಸಿನ್, ಚಿಂಗ್‌ಟಾವ್ ಊರುಗಳಲ್ಲಿದ್ದ ಬ್ರಿಟಿಷ್, ಅಮೆರಿಕನ್ ಮತ್ತಿತರ ನಾಗರಿಕರನ್ನು 1943ರ ಮಾರ್ಚ್‌ನಿಂದ ಇಲ್ಲಿಗೆ ತಂದು ಕೂಡಿಹಾಕಿದರು. ಬ್ಯಾಂಕಿನವರು, ವ್ಯಾಪಾರಿಗಳು, ಮೇಷ್ಟ್ರುಗಳು, ಪಾದ್ರಿಗಳು, ಸನ್ಯಾಸಿನಿಯರು, ಗರ್ಭಿಣಿಯರು, ಹಸುಗೂಸುಗಳು ಎಲ್ಲರೂ ಇದ್ದರು. ಜಾಗ ಶಾಂಡೊಂಗ್ ಪ್ರಾಂತ್ಯದ ಅಮೆರಿಕನ್ ಪ್ರೆಸ್‌ಬಿಟೇರಿಯನ್ ಮಿಷನ್ನಿನ ಹಳೆಯ ಆವರಣ. ಈಗಿನ ವೇಯ್‌ಫಾಂಗ್ ನಗರದೊಳಗೆ ಸೇರಿದೆ. ಸುತ್ತ ಗೋಡೆ, ಮೂಲೆಗಳಲ್ಲಿ ಕಾವಲುಗೂಡು. ಅಗಲ ಉದ್ದ ಸುಮಾರು 150 ಗಜ, 200 ಗಜ. ಶುರುವಿನಲ್ಲಿ 1,800ರಷ್ಟು ಜನ. ಆ ವರ್ಷದ ಆಗಸ್ಟ್‌ನಲ್ಲಿ ನಾನೂರರಷ್ಟು ಕ್ಯಾಥೊಲಿಕ್ ಪಾದ್ರಿ, ಸನ್ಯಾಸಿನಿಯರನ್ನು ಪೀಕಿಂಗಿಗೆ ಸಾಗಿಸಿದರು, ಸೆಪ್ಟೆಂಬರ್‌ನಲ್ಲಿ ಒಂದಷ್ಟು ಅಮೆರಿಕನ್ನರು ಕೈದಿ ವಿನಿಮಯದಲ್ಲಿ ಊರಿಗೆ ಹೋದರು, ಅದೇ ಹೊತ್ತಿಗೆ ಚೀಫೂ ಊರಿನ ಮಿಷನರಿ ಶಾಲೆಯ ಮಕ್ಕಳು, ಶಿಕ್ಷಕರು ಬಂದರು. ಆಮೇಲೆ ಸಂಖ್ಯೆ 1,500ರ ಆಸುಪಾಸಿನಲ್ಲೇ ನಿಂತಿತು.

ಜಪಾನೀಯರು ಗೋಡೆ ಕಾಯುತ್ತಿದ್ದರು, ಹಾಜರಿ ತೆಗೆದುಕೊಳ್ಳುತ್ತಿದ್ದರು, ಸಾಮಾನು ಒಳಗೆ ಕಳಿಸುತ್ತಿದ್ದರು. ಮಿಕ್ಕಿದ್ದೆಲ್ಲ ಕೈದಿಗಳ ತಲೆಮೇಲೆ. ಒಂಬತ್ತು ಸಮಿತಿಗಳಿದ್ದವು: ಸಾಮಾನ್ಯ, ಶಿಸ್ತು, ದುಡಿಮೆ, ಶಿಕ್ಷಣ, ಸರಬರಾಜು, ವಸತಿ, ವೈದ್ಯಕೀಯ, ಎಂಜಿನಿಯರಿಂಗ್, ಹಣಕಾಸು. ಅಡುಗೆಮನೆ ಮೂರು, ಊರಿಗೊಂದರಂತೆ ಹಂಚಿಕೆಯಾಗಿತ್ತು. ಮೈಯಲ್ಲಿ ಕಸುವಿದ್ದ ಪ್ರತಿಯೊಬ್ಬ ವಯಸ್ಕರಿಗೂ ಒಂದು ಕೆಲಸ ಗೊತ್ತಾಗಿತ್ತು.

ಸೊರಗಿದ್ದೇಕೆ ಎಂಬುದಕ್ಕೆ ಎಲ್ಲರೂ ಹಿಟ್ಟಿನ ಲೆಕ್ಕ ಹಾಕುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಉರುವಲು. ಬೇಯಿಸಲಾಗದ ಧಾನ್ಯ, ಕುದಿಸಲಾಗದ ನೀರು ಹೊಟ್ಟೆಗೆ ಬರುವುದಿಲ್ಲ. ಬಂದರೂ ಭೇದಿಯಾಗಿ ಹೋಗುತ್ತದೆ.

ಲೆಕ್ಕದ ಮೇಷ್ಟ್ರು
ಒಲೆಮನೆಯವರ ಮಾತಿಗೆ ಒಂದು ಅಂದಾಜು ಲೆಕ್ಕ ಸೇರಿಸುತ್ತೇನೆ. ಶಿಬಿರದ ದಾಖಲೆಯ ಅಂಕಿ ಎಂದು ಯಾರೂ ಎತ್ತಿಕೊಳ್ಳಬೇಡಿ, ಭೌತಶಾಸ್ತ್ರದ ಸರಳ ಗುಣಾಕಾರ ಅಷ್ಟೆ.

ಒಂದು ಅಡುಗೆಮನೆಗೆ 500 ಜನ, ತಲೆಗೆ 400 ಮಿಲಿ ಸಾರು ಎಂದುಕೊಳ್ಳಿ. 200 ಲೀಟರ್ ಆಯಿತು. ಚಳಿಗಾಲದ 10 ಡಿಗ್ರಿ ನೀರನ್ನು ಕುದಿಗೆ ತರಲು 75 ಮೆಗಾಜೂಲ್ ಬೇಕು. ಕಲ್ಲಿದ್ದಲು ಪುಡಿಯಲ್ಲಿ ಕಿಲೋಗೆ 20 ಮೆಗಾಜೂಲ್ ಹಿಡಿಯಿರಿ. ಇಟ್ಟಿಗೆ ಒಲೆಯಲ್ಲಿ ಅದರಲ್ಲಿ ನೂರಕ್ಕೆ 15ರಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ, ಅಂದರೆ ಕಿಲೋಗೆ 3. ಕುದಿ ಬರುವುದಕ್ಕೇ 25 ಕಿಲೋ ಹೋಯಿತು.

ಈಗ ಕುಡಿಯುವ ನೀರಿಗೆ ಬನ್ನಿ. ಬಾವಿಯ ನೀರನ್ನು ಕುದಿಸದೆ ಕುಡಿಯುವಂತಿರಲಿಲ್ಲ. ತಲೆಗೆ 2 ಲೀಟರ್ ಎಂದರೆ 1,000 ಲೀಟರ್, 125 ಕಿಲೋ ಕಲ್ಲಿದ್ದಲು. ಸಾರಿನ ಐದು ಪಟ್ಟು! ರೊಟ್ಟಿಯ ಭಟ್ಟಿ, ಆಸ್ಪತ್ರೆ, ಸ್ನಾನದ ನೀರು ಎಲ್ಲ ಇದರಾಚೆ. ಇಂಥ ಕಡೆ ಉರುವಲು ಕಡಿತವಾದರೆ ಮೊದಲು ನಿಲ್ಲುವುದು ಸ್ನಾನ, ಆಮೇಲೆ ಬಟ್ಟೆಗೆ ಬಿಸಿನೀರು, ಆಮೇಲೆ ಕೋಣೆಯ ಒಲೆ. ಕೊಳೆ, ತಿಗಣೆ, ಕೆಮ್ಮು ಅದೇ ಕ್ರಮದಲ್ಲಿ ಬೆನ್ನಟ್ಟಿ ಬರುತ್ತವೆ.

ಸುಮಾ ಎನ್.
ಉಪಯುಕ್ತ ಲೆಕ್ಕ, ಸರ್. ಆದರೆ ಒಲೆಗೆ ಕಲ್ಲಿದ್ದಲು ಪುಡಿ ಹಾಕಿದರೆ ಗಾಳಿಯೇ ಆಡುವುದಿಲ್ಲವಲ್ಲ? ಅದನ್ನು ಉರಿಸುತ್ತಿದ್ದದ್ದು ಹೇಗೆ?

ಒಲೆಮನೆ
ಉಂಡೆ ಕಟ್ಟಿ. ಸುಮಾ ಮೇಡಂ, ನಮ್ಮ ಕಡೆ ಇದ್ದಿಲು ಪುಡಿಗೆ ಸಗಣಿ ಕಲಸಿ ಉಂಡೆ ಮಾಡಿ ಒಣಗಿಸುತ್ತಿದ್ದರಲ್ಲ, ಅದೇ ಉಪಾಯ. ಅಲ್ಲಿ ಅಂಟಿಗೆ ಸಗಣಿಯ ಬದಲು ಜಿಗುಟು ಮಣ್ಣು. ಕೋಣೆಯ ಒಲೆಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಪುಡಿಯೇ. ಉತ್ತರ ಚೀನಾದ ಮನೆಗಳಲ್ಲಿ ಇದು ಮೊದಲೇ ಇದ್ದ ಪದ್ಧತಿ.

ಸಾಮಾನ್ಯವಾಗಿ ನಾಲ್ಕೈದು ಪಾಲು ಪುಡಿಗೆ ಒಂದು ಪಾಲು ಮಣ್ಣು. ಮಣ್ಣನ್ನು ಮೊದಲೇ ನೀರಲ್ಲಿ ನೆನೆಸಿ ಕಲ್ಲು ತೆಗೆದು ಬಗ್ಗಡ ಮಾಡಿಕೊಳ್ಳಬೇಕು. ಒಣ ಮಣ್ಣು, ಒಣ ಪುಡಿ ಬೆರೆಸಿ ಆಮೇಲೆ ನೀರು ಸುರಿದರೆ ಒಂದು ಕಡೆ ಬರೀ ಮಣ್ಣಿನ ಗಂಟು, ಇನ್ನೊಂದು ಕಡೆ ಬರೀ ಪುಡಿ ಉಳಿಯುತ್ತದೆ. ಹಿಡಿದರೆ ಮುದ್ದೆಯಾಗಿ ನಿಲ್ಲುವಷ್ಟು ಹದ ಬಂದ ಮೇಲೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಿ ಬಿಸಿಲಿಗೆ ಹರಡುವುದು. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಒಂದನ್ನು ಒಡೆದು ನೋಡಿಯೇ ಒಲೆಗೆ ಹಾಕಬೇಕು.

ಕೆಡುವುದು ಹೀಗೆ. ಮಣ್ಣು ಜಾಸ್ತಿಯಾದರೆ ಉಂಡೆ ಗಟ್ಟಿ, ಆದರೆ ಹೊತ್ತುವುದಿಲ್ಲ. ಹೊತ್ತಿದರೂ ಉಂಡೆಯಷ್ಟೇ ದೊಡ್ಡ ಬೂದಿಗಟ್ಟಿ ಉಳಿದು ಒಲೆ ಕಟ್ಟಿಕೊಳ್ಳುತ್ತದೆ. ಮಣ್ಣು ಕಡಿಮೆಯಾದರೆ ಕಾವಿಗೆ ಉದುರಿ ಜಾಲರಿಯ ಸಂದು ಮುಚ್ಚಿ ಉರಿ ಸಾಯುತ್ತದೆ. ಹಸಿ ಉಂಡೆ ಹಾಕಿದರೆ ಮೊದಲ ಅರ್ಧ ಗಂಟೆಯ ಕಾವು ಅದರ ನೀರನ್ನು ಆರಿಸುವುದಕ್ಕೇ ಸರಿ. ಡಿಸೆಂಬರಿನಲ್ಲಿ ಬಿಸಿಲು ಎಳಸು, ರಾತ್ರಿ ಹೆಪ್ಪುಗಟ್ಟುವ ಚಳಿ. ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಉಂಡೆ ಸೀಳುತ್ತದೆ. ಆದ್ದರಿಂದ ಚಳಿಗಾಲದ ಉಂಡೆಯನ್ನು ಶರತ್ಕಾಲದಲ್ಲೇ ಕಟ್ಟಿಟ್ಟುಕೊಳ್ಳಬೇಕು.

ಮಕ್ಕಳಿಗೊಂದು ನಿತ್ಯದ ಕೆಲಸವಿತ್ತು: ದೊಡ್ಡ ಒಲೆಗಳ ಬೂದಿರಾಶಿ ಕೆದಕಿ ಅರೆಬೆಂದ ಕಲ್ಲಿದ್ದಲು ಆರಿಸುವುದು. ದೊಡ್ಡ ಒಲೆಯ ಉರಿ ಬಿರುಸು, ಎಲ್ಲ ಪೂರ್ತಿ ಉರಿಯುವುದಿಲ್ಲ. ಬೂದಿ ಬಣ್ಣದ ಹಗುರ ಚೂರು ಬಿಟ್ಟು, ಕಪ್ಪಗೆ ಕೈಗೆ ತೂಕ ಕೊಡುವುದನ್ನು ಆರಿಸಬೇಕು. ಹತ್ತು ವರ್ಷದ ಮಕ್ಕಳು ಇದರಲ್ಲಿ ಪಳಗಿಹೋಗಿದ್ದರು ಎಂಬುದನ್ನು ಓದುವಾಗ ಕರುಳು ಹಿಂಡುತ್ತದೆ.

ಗೋಡೆಗಡಿಯಾರ
ಅಡುಗೆಯ ಬಗ್ಗೆ ನಾಲ್ಕು ಮಾತು. ಬೆಳಿಗ್ಗೆ ಹೆಚ್ಚಾಗಿ ಹಳೇ ರೊಟ್ಟಿಯನ್ನು ನೆನೆಸಿ ಕುದಿಸಿದ ಗಂಜಿ, ಇಲ್ಲವೇ ಜೋಳದ ಜಾತಿಯ ಗಾವೊಲ್ಯಾಂಗ್ ಗಂಜಿ. ಮಧ್ಯಾಹ್ನ ತರಕಾರಿ ಮಾಂಸದ ಸಾರು, ರಾತ್ರಿ ಅದೇ ಇನ್ನಷ್ಟು ತೆಳ್ಳಗೆ. ರೊಟ್ಟಿ ಎಂದರೆ ನಮ್ಮ ಜೋಳದ ರೊಟ್ಟಿಯಲ್ಲ, ಹುದುಗು ಬಂದ ಗೋಧಿ ಬ್ರೆಡ್ಡು. ಶಿಬಿರದ ಬೇಕರಿಯೇ ಸುಡುತ್ತಿತ್ತು, ಅಲ್ಲಿನ ಊಟದ ಆಧಾರವೇ ಅದು.

ಬ್ರೆಡ್ಡಿನಲ್ಲಿ ಎಡವಟ್ಟಾಗುವ ಜಾಗ ಹುದುಗು. ಅಂಗಡಿಯ ಯೀಸ್ಟ್ ಇಲ್ಲದಾಗ ಹಿಂದಿನ ದಿನದ ಹಿಟ್ಟಿನ ಒಂದು ಮುದ್ದೆ ಉಳಿಸಿ ಮರುದಿನಕ್ಕೆ ಬೆರೆಸಬೇಕು. ನಾವು ದೋಸೆ ಹಿಟ್ಟು ಉಳಿಸಿದಂತೆಯೇ. ಚಳಿಗೆ ಅದು ಮಲಗಿಬಿಡುತ್ತದೆ, ಒಲೆಯ ಪಕ್ಕ ಬೆಚ್ಚಗಿಡಬೇಕು, ಅತಿಯಾದರೆ ಹುಳಿ. ಉಬ್ಬದ ಹಿಟ್ಟನ್ನು ಭಟ್ಟಿಗೆ ಹಾಕಿದರೆ ಮೇಲೆ ಕಲ್ಲು, ನಡುವೆ ಹಸಿ. ಅದನ್ನು ಎಸೆಯುವ ಪ್ರಶ್ನೆಯೇ ಇರಲಿಲ್ಲ, ಗಂಜಿಗೆ ಹೋಗುತ್ತಿತ್ತು. ಹಳೇ ಬ್ರೆಡ್ಡಿನ ಗಂಜಿ ಹುಟ್ಟಿದ್ದಕ್ಕೂ ಇಂಥದೇ ಕಾರಣ.

ಬಡಿಸುವವರ ಕೈ ಬಗ್ಗೆ ಯಾರೂ ಬರೆಯುವುದಿಲ್ಲ. ಸಾರಿನಲ್ಲಿ ಹೋಳು ತಳಕ್ಕೆ, ಜಿಡ್ಡು ಮೇಲಕ್ಕೆ. ಪ್ರತಿ ಸಲ ತಳದಿಂದ ಕಲಕಿ ಸೌಟೆತ್ತದಿದ್ದರೆ ಮೊದಲ ನೂರು ಜನರಿಗೆ ನೀರು, ಕೊನೆಯ ಐವತ್ತು ಜನರಿಗೆ ಹೋಳು. ಸೌಟು ಒಂದೇ ಅಳತೆಯದಾಗಿರಬೇಕು, ಗೀಟಿನವರೆಗೆ ತುಂಬಬೇಕು. ತಲೆಗೆ ಆರು ಸೆಕೆಂಡ್ ಹಿಡಿದರೆ 500 ಜನರಿಗೆ ಒಬ್ಬರೇ ಬಡಿಸಿದಾಗ 50 ನಿಮಿಷ. ಅಷ್ಟು ಹೊತ್ತು ಚಳಿಯಲ್ಲಿ ನಿಂತವರು ತಿನ್ನುವ ಮೊದಲೇ ಒಂದಷ್ಟು ಕಾವು ಕಳೆದುಕೊಂಡಿರುತ್ತಾರೆ. ಮೂವರು ಬಡಿಸಿದರೆ 17 ನಿಮಿಷ, ಆದರೆ ಮೂರು ಕೈಗಳ ಅಳತೆ ಒಂದೇ ಆಗಿರಬೇಕು. ಜಗಳ ಹುಟ್ಟುವುದೇ ಅಲ್ಲಿ.

ಜನಪದ_ವೈದ್ಯ
ಪೌಷ್ಟಿಕತೆಯ ವಿಷಯಕ್ಕೆ ಬರೋಣ. ಇಲ್ಲಿ ಶಿಬಿರದಿಂದ ಶಿಬಿರಕ್ಕೆ ದೊಡ್ಡ ವ್ಯತ್ಯಾಸವಿದೆ, ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಮನಿಲಾದ ಸ್ಯಾಂಟೊ ಟೊಮಾಸ್ ವಿಶ್ವವಿದ್ಯಾಲಯದ ಆವರಣದಲ್ಲಿ 1942ರ ಜನವರಿಯಿಂದ 1945ರ ಫೆಬ್ರವರಿ 3ರವರೆಗೆ ಮೂರೂವರೆ ಸಾವಿರದಷ್ಟು ನಾಗರಿಕರಿದ್ದರು. ಅಲ್ಲಿ ಮೊದಲ ಎರಡು ವರ್ಷ ಗೇಟಿನಲ್ಲಿ ಪೊಟ್ಟಣದ ಸಾಲು ಇತ್ತು: ಹೊರಗಿನ ಫಿಲಿಪಿನೊ ಸ್ನೇಹಿತರು, ಮನೆಗೆಲಸದವರು ಊಟ, ಬಟ್ಟೆ ತಂದು ಕೊಡುತ್ತಿದ್ದರು. 1944ರ ಫೆಬ್ರವರಿಯಲ್ಲಿ ಜಪಾನೀ ಸೇನೆ ನೇರ ಆಡಳಿತಕ್ಕೆ ಬಂದು ಆ ಸಾಲು ನಿಲ್ಲಿಸಿತು. ಹಸಿವು ಮಾರಕವಾಗಿದ್ದು ಅಲ್ಲಿಂದ. ಮರಣಪತ್ರದಲ್ಲಿ ‘ಹಸಿವು’, ‘ಅಪೌಷ್ಟಿಕತೆ’ ಎಂದು ಬರೆದದ್ದನ್ನು ಅಳಿಸಲು ಒಪ್ಪದ ಶಿಬಿರದ ವೈದ್ಯ ಡಾ. ಥಿಯೊಡೋರ್ ಸ್ಟೀವನ್ಸನ್ ಅವರನ್ನು ಸೆರೆಗೆ ಹಾಕಿದರು. ಒಂದು ಪದಕ್ಕಾಗಿ ಹೀಗೆ ಗಟ್ಟಿ ನಿಂತ ವೈದ್ಯರ ಬಗ್ಗೆ ನನಗೆ ಅಪಾರ ಗೌರವ.

ಅಕ್ಕಿಯನ್ನೇ ನಂಬಿದ ಶಿಬಿರಗಳ ದೊಡ್ಡ ರೋಗ ಬೆರಿಬೆರಿ, ಬಿ1 ಜೀವಸತ್ವದ ಕೊರತೆ. ಪಾಲಿಶ್ ಮಾಡಿದ ಬೆಳ್ಳಕ್ಕಿಯಲ್ಲಿ ತವುಡಿನ ಜೊತೆ ಬಿ1 ಹೊರಟುಹೋಗಿರುತ್ತದೆ. ಉಳಿದಷ್ಟೂ ನೀರಿನಲ್ಲಿ ಕರಗುತ್ತದೆ. ನಾಲ್ಕು ಸಲ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಕಾಸಿನಷ್ಟೂ ಉಳಿಯದು. ಹುಳ ಬಿದ್ದ ಅಕ್ಕಿಯನ್ನು ತೊಳೆಯದೆ ಬೇಯಿಸಲು ಮನಸ್ಸು ಬಾರದು, ತೊಳೆದರೆ ಜೀವಸತ್ವ ಹೋಗುತ್ತದೆ. ಅಡುಗೆಯವರ ಇಕ್ಕಟ್ಟು ಇದು. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ ಭತ್ತವನ್ನೇ ಬೇಯಿಸುವುದರಿಂದ ಬಿ1 ಕಾಳಿನೊಳಗೆ ಇಳಿದು ಉಳಿಯುತ್ತದೆ, ಹೋಲಿಕೆಗೆ ಹೇಳಿದೆ.

ಇನ್ನೊಂದು ಸೂಕ್ಷ್ಮ. ಬೆರಿಬೆರಿಯಲ್ಲಿ ಕಾಲು, ಮುಖ ಊದಿಕೊಳ್ಳುತ್ತವೆ. ತಕ್ಕಡಿ ಆ ನೀರನ್ನೂ ತೂಗುತ್ತದೆ. ‘ತೂಕ ಇಳಿದಿಲ್ಲ’ ಎಂದು ಬರೆದ ಮನುಷ್ಯ ನಿಜವಾಗಿ ಒಣಗಿಹೋಗಿರಬಹುದು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಬೆರಳಿಂದ ಒತ್ತಿ ಗುಳಿ ಬೀಳುವುದೇ ಎಂದು ನೋಡದೆ ತೂಕದ ಪಟ್ಟಿಯನ್ನು ನಂಬುವಂತಿಲ್ಲ.

ಸುಮಾ ಎನ್.
ವೇಯ್‌ಶಿಯೆನ್‌ನಲ್ಲಿ ಮಕ್ಕಳಿಗೆ ಮೊಟ್ಟೆಯ ಸಿಪ್ಪೆ ತಿನ್ನಿಸಿದರಂತೆ, ನಿಜವೇ?

ಜನಪದ_ವೈದ್ಯ
ನಿಜ. ಹಾಲಿಲ್ಲದ ಕಡೆ ಹಲ್ಲು, ಎಲುಬಿಗೆ ಸುಣ್ಣದಂಶ ಬೇಕಲ್ಲ. ಒಂದು ಸಿಪ್ಪೆ 5–6 ಗ್ರಾಂ, ಅದರಲ್ಲಿ 2 ಗ್ರಾಂನಷ್ಟು ಕ್ಯಾಲ್ಸಿಯಂ. ತೊಳೆದು, ಒಳಪೊರೆ ಬಿಡಿಸಿ, ಕುದಿಸಿ, ಒಣಗಿಸಿ, ನುಣ್ಣಗೆ ಅರೆಯಬೇಕು. ಕುದಿಸದಿದ್ದರೆ ಸಿಪ್ಪೆಯ ಮೇಲಿನ ಕೊಳೆಯಿಂದಲೇ ಭೇದಿ. ತರಿತರಿಯಾಗಿದ್ದರೆ ಗಂಟಲು ಗೀರುತ್ತದೆ, ಹೊಟ್ಟೆಯಲ್ಲಿ ಕರಗುವುದೂ ನಿಧಾನ. ಒಣ ಪುಡಿಯನ್ನು ಚಮಚದಲ್ಲಿ ಬಾಯಿಗೆ ಹಾಕಿದರೆ ಮಕ್ಕಳು ಉಸಿರೆಳೆದು ಕೆಮ್ಮುತ್ತಾರೆ, ಗಂಜಿಗೆ ಕಲಸುವುದು ಲೇಸು.

ಇಷ್ಟು ಮೊಟ್ಟೆ ಬಂದದ್ದು ಗೋಡೆಯಾಚೆಯ ಚೀನೀ ರೈತರಿಂದ, ಕದ್ದುಮುಚ್ಚಿ. ಆಸ್ಟ್ರೇಲಿಯಾದವರಾದ, ಟ್ರ್ಯಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿ ಪ್ಯಾಟ್ರಿಕ್ ಸ್ಕ್ಯಾನ್‌ಲನ್ ಈ ವ್ಯಾಪಾರದ ಮುಂದಾಳು. ಸಿಕ್ಕಿಬಿದ್ದಾಗ ಅವರನ್ನು ಒಂಟಿ ಕೋಣೆಗೆ ಹಾಕಿದರು. ರಾತ್ರಿಯ ಪ್ರಾರ್ಥನೆಗಳನ್ನು ಗಟ್ಟಿ ದನಿಯಲ್ಲಿ ಹಾಡಿ ಕಾವಲುಗಾರರ ನಿದ್ದೆ ಕೆಡಿಸಿದರು. ಸಿಕ್ಕಿಬಿದ್ದ ಚೀನೀ ರೈತರಿಗೆ ಆಗುತ್ತಿದ್ದ ಶಿಕ್ಷೆ ಇದಕ್ಕಿಂತ ಬಹಳ ಕ್ರೂರ. ಆ ಮೊಟ್ಟೆಗಳ ಬೆಲೆಯಲ್ಲಿ ಅದನ್ನೂ ಸೇರಿಸಿ ಎಣಿಸಬೇಕು.

ಕಡತಪ್ರಿಯ
ಪಾಯಿಖಾನೆಯ ಪ್ರಶ್ನೆಗೆ ಯಾರೂ ಬಂದಿಲ್ಲ.

ಗೋಡೆಗಡಿಯಾರ
ಬರುತ್ತೇನೆ. ಅಷ್ಟೊಂದು ಜನರನ್ನು ತಂದು ಇಳಿಸಿದಾಗ ಕೆಲವೇ ಗುಂಡಿಗಳಿದ್ದವು, ಕೆಲವೇ ದಿನಗಳಲ್ಲಿ ತುಂಬಿ ಹರಿದವು. ಮೊದಲು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅದಕ್ಕೆ ಕೈ ಹಾಕಿದವರಲ್ಲಿ ಪಾದ್ರಿಗಳು, ಸನ್ಯಾಸಿನಿಯರು, ಮಿಷನರಿಗಳು ಮುಂದಿದ್ದರು. ಆಮೇಲೆ ಶಿಬಿರದ ಎಂಜಿನಿಯರುಗಳು ನೀರು ಹಾಯಿಸಿ ತೊಳೆಯುವ ಏರ್ಪಾಡು ಮಾಡಿದರು.

ನೀರು ತಾನಾಗಿ ಬರುತ್ತಿರಲಿಲ್ಲ. ಬಾವಿಯ ಕೈಪಂಪನ್ನು ಪಾಳಿ ಹಾಕಿಕೊಂಡು ಒತ್ತಿ ಎತ್ತರದ ತೊಟ್ಟಿಗೆ ಏರಿಸಬೇಕು, ಅಲ್ಲಿಂದ ಅಡುಗೆಮನೆಗೆ, ಸ್ನಾನಕ್ಕೆ ಇಳಿಯುತ್ತದೆ. ಪಾಳಿಗೆ ಒಬ್ಬ ತಪ್ಪಿಸಿಕೊಂಡರೆ ತೊಟ್ಟಿ ತಳ ಕಾಣುತ್ತದೆ. ಹಸಿದ ಮೈಗೆ ಇದು ದುಬಾರಿ ಕೆಲಸ, ತಿಂದ ಗಂಜಿಯ ದೊಡ್ಡ ಪಾಲು ಪಂಪಿನ ಹಿಡಿಗೇ ಹೋಗುತ್ತದೆ. ಪಂಪಿನವರಿಗೂ ಕುಳಿತು ಲೆಕ್ಕ ಬರೆಯುವವರಿಗೂ ಒಂದೇ ಸೌಟು ಸರಿಯೇ ಎಂಬ ವಾದ ಇಂಥ ಯಾವ ಶಿಬಿರದಲ್ಲೂ ತಪ್ಪಿದ್ದಲ್ಲ.

ಬೀದಿಬದಿ
ತಿಗಣೆ?

ಒಲೆಮನೆ
ಎಲ್ಲ ಕೋಣೆಯಲ್ಲೂ. ಸಂಸಾರಗಳ ಕೋಣೆ 9 ಅಡಿಗೆ 12 ಅಡಿ. ನಾಲ್ವರಿದ್ದರೆ ತಲೆಗೆ 27 ಚದರ ಅಡಿ, ಒಂದು ಚಾಪೆಗಿಂತ ಚೂರು ಹೆಚ್ಚು. ಮಂಚವನ್ನು ಇಟ್ಟಿಗೆಯ ಮೇಲೇರಿಸಿ ಕೆಳಗೆ ಪೆಟ್ಟಿಗೆ ತುರುಕಿದ್ದರಿಂದ ಗೋಡೆಯಿಂದ ಮಂಚ ದೂರ ಎಳೆಯಲೂ ಜಾಗವಿಲ್ಲ. ತಿಗಣೆಗೆ ಅದಕ್ಕಿಂತ ಸ್ವರ್ಗ ಬೇಡ.

ಕೆಲಸ ಮಾಡುವುದು ಕುದಿನೀರು, ಚೂರಿ ಅಲಗು, ಬಿಸಿಲು. ಮಂಚ ಬಿಚ್ಚಿ, ಸಂದುಗಳಲ್ಲಿ ಅಲಗು ಎಳೆದು, ಕುದಿಯುವ ನೀರನ್ನು ಸಂದಿಗೇ ಸುರಿಯಬೇಕು. ಚಳಿಯಲ್ಲಿ ಹತ್ತು ಹೆಜ್ಜೆ ಹೊತ್ತು ತರುವಷ್ಟರಲ್ಲಿ ನೀರು ಆರಿದರೆ ತೊಳೆದಂತಾಗುತ್ತದೆಯೇ ಹೊರತು ಮೊಟ್ಟೆ ಸಾಯುವುದಿಲ್ಲ. ಹತ್ತು ಹದಿನೈದು ದಿನ ಬಿಟ್ಟು ಮತ್ತೆ ಮಾಡಬೇಕು. ಒಂದೇ ಸಾಲಿನ ಎಲ್ಲ ಕೋಣೆಗಳನ್ನೂ ಒಂದೇ ದಿನ ಹಿಡಿಯದಿದ್ದರೆ ಗೋಡೆಯ ಬಿರುಕಿನಿಂದ ಪಕ್ಕದ ಮನೆಗೆ ಹೋಗಿ ವಾರಕ್ಕೆ ವಾಪಸು ಬರುತ್ತವೆ. ಇಲ್ಲೂ ಕೊನೆಗೆ ಬೇಕಾದ್ದು ಉರುವಲೇ ನೋಡಿ.

ಬೀದಿಬದಿ
ಇದೆಲ್ಲ ಜಿನೀವಾ ಒಪ್ಪಂದದ ಉಲ್ಲಂಘನೆ ಆಗಲಿಲ್ಲವೇ? ರೆಡ್ ಕ್ರಾಸ್ ಏನು ಮಾಡುತ್ತಿತ್ತು?

ಲೆಕ್ಕದ ಮೇಷ್ಟ್ರು
ಇಲ್ಲೊಂದು ತಿದ್ದುಪಡಿ ಬೇಕು. 1929ರ ಒಪ್ಪಂದ ಯುದ್ಧಕೈದಿಗಳಾದ ಸೈನಿಕರಿಗೆ. ಜಪಾನ್ ಸಹಿ ಹಾಕಿತ್ತು, ಅನುಮೋದಿಸಿರಲಿಲ್ಲ. ನಾಗರಿಕರಿಗೆಂದೇ ಪೂರ್ಣ ನಿಯಮಾವಳಿ ಬಂದದ್ದು 1949ರ ನಾಲ್ಕನೇ ಒಪ್ಪಂದದಲ್ಲಿ. ಅದರ 89ನೇ ವಿಧಿ ಓದಿದರೆ ಒಲೆಮನೆಯವರ ವಾದ ಕಾಣುತ್ತದೆ: ಆಹಾರ ಕೊಡಬೇಕು ಎಂಬುದರ ಜೊತೆಗೆ, ಕೈದಿಗಳ ಬಳಿ ಇರುವ ಹೆಚ್ಚಿನ ಆಹಾರವನ್ನು ಅವರೇ ಅಡುಗೆ ಮಾಡಿಕೊಳ್ಳುವ ಸಾಧನವನ್ನೂ ಕೊಡಬೇಕು ಎಂದಿದೆ. 85ನೇ ವಿಧಿಯಲ್ಲಿ ನೀರು, ಸೋಪು ಬರುತ್ತವೆ. 102ರಲ್ಲಿ ಆರು ತಿಂಗಳಿಗೊಮ್ಮೆ ಗುಟ್ಟಿನ ಮತದಾನದಿಂದ ಕೈದಿಗಳ ಸಮಿತಿಯ ಆಯ್ಕೆ.

ರೆಡ್ ಕ್ರಾಸ್ ಪೊಟ್ಟಣದ ದೊಡ್ಡ ಪ್ರಕರಣ 1945ರ ಜನವರಿಯದು. ಅಮೆರಿಕನ್ ರೆಡ್ ಕ್ರಾಸ್‌ನ 1,500ಕ್ಕೂ ಹೆಚ್ಚು ಪೊಟ್ಟಣ ಬಂದವು, ಒಂದೊಂದೂ ಸುಮಾರು 22 ಕಿಲೋ: ಹಾಲಿನ ಪುಡಿ, ಬೆಣ್ಣೆ, ಡಬ್ಬಿ ಮಾಂಸ, ಚೀಸ್, ಚಾಕೊಲೇಟ್, ಸಕ್ಕರೆ, ಕಾಫಿ, ಸಿಗರೇಟು. ಶಿಬಿರದಲ್ಲಿ ಅಮೆರಿಕನ್ನರು 200ರಷ್ಟು. ಅಮೆರಿಕನ್ನರಿಗೆ ಒಂದೂವರೆ, ಉಳಿದವರಿಗೆ ಒಂದೊಂದು ಎಂದು ಜಪಾನೀ ಅಧಿಕಾರಿ ಹೇಳಿದಾಗ ಕೆಲವು ಅಮೆರಿಕನ್ನರು ತಕರಾರು ತೆಗೆದರು. ತಮಗೇ ಎಂದರೆ ತಲೆಗೆ ಏಳೂವರೆ! ಹಂಚಿಕೆ ನಿಂತು, ವಿಷಯ ಟೋಕಿಯೊಗೆ ಹೋಗಿ, ಕೊನೆಗೆ ತಲೆಗೊಂದು ಎಂದೇ ತೀರ್ಮಾನವಾಯಿತು. ಅಷ್ಟು ದಿನ ಹಸಿದ ಮಕ್ಕಳ ಕಣ್ಣೆದುರು ಪೊಟ್ಟಣಗಳು ರಾಶಿ ಬಿದ್ದಿದ್ದವು. ಇದನ್ನು ಕ್ಷಮಿಸಲು ನನಗೆ ಆಗುವುದಿಲ್ಲ.

ಕರಾವಳಿ ಓದುಗ
ನಮ್ಮ ಕಡೆಯ ಒಂದು ಎಳೆ. ಮೊದಲ ಮಹಾಯುದ್ಧ ಬಂದಾಗ ಮಂಗಳೂರು, ಧಾರವಾಡ ಸೀಮೆಯ ಬಾಸೆಲ್ ಮಿಷನ್ನಿನ ಜರ್ಮನರೂ ಶತ್ರುದೇಶದವರಾಗಿ ಬಂಧನಕ್ಕೊಳಗಾದರು. ದೊಡ್ಡ ಶಿಬಿರ ಅಹ್ಮದ್‌ನಗರ. ಹೆಂಗಸರು ಮಕ್ಕಳಿಗೆ ಬೆಳಗಾವಿಯಲ್ಲಿ ಶಿಬಿರವಿತ್ತು. 1917ರಲ್ಲಿ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಪ್ರತಿನಿಧಿಗಳು ಭಾರತದಲ್ಲಿ ನೋಡಿದ ಶಿಬಿರಗಳಲ್ಲಿ ಬಳ್ಳಾರಿ, ಬೆಳಗಾವಿ ಎರಡೂ ಇವೆ. ಮಿಷನ್ನಿನ ಹೆಂಚು, ನೇಯ್ಗೆ ಕಾರ್ಖಾನೆಗಳು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು.

ರಾಜಸ್ಥಾನದ ದೇವಳಿಯನ್ನೂ ಮರೆಯಬಾರದು. ಎರಡನೇ ಯುದ್ಧದಲ್ಲಿ ಮಲಯಾ, ಸಿಂಗಪುರದಿಂದ ತಂದ ಜಪಾನೀ ನಾಗರಿಕರನ್ನು ದೆಹಲಿಯ ಪುರಾನಾ ಕಿಲಾದಲ್ಲಿಟ್ಟು ನಂತರ ದೇವಳಿಗೆ ಸಾಗಿಸಿದ್ದರು. 1962ರ ಯುದ್ಧವಾದಾಗ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದ ಸುಮಾರು 3,000 ಜನರನ್ನು ರೈಲಿನಲ್ಲಿ ಅಲ್ಲಿಗೇ ಒಯ್ದರು. ಹಲವರು ಇಲ್ಲೇ ಹುಟ್ಟಿದವರು. ಜಪಾನೀ ಶಿಬಿರಗಳ ಬಗ್ಗೆ ಮಾತಾಡುವ ನಾವು ಇದನ್ನೂ ಇಷ್ಟೇ ವಿವರವಾಗಿ ತಿಳಿಯಬೇಕು ಎಂಬುದು ನನ್ನ ಮನವಿ. ಇದಕ್ಕೆ ಬೇರೆಯೇ ಚರ್ಚೆ ತೆರೆಯುತ್ತೇನೆ.

ಕಡತಪ್ರಿಯ
ತೆರೆಯಿರಿ ಸರ್, ಖಂಡಿತ ಸೇರುತ್ತೇನೆ. ಕೊನೆಯದಾಗಿ ಒಂದು: ಕೋಣೆಯ ಒಲೆಗೆ ಖಾಲಿ ಡಬ್ಬಿಗಳಿಂದ ಹೊಗೆ ಕೊಳವೆ ಮಾಡಿಕೊಂಡರಂತೆ. ಡಬ್ಬಿಗಳ ಕೀಲಿನಲ್ಲಿ ಹೊಗೆ ಸೋರುತ್ತಿರಲಿಲ್ಲವೇ?

ಒಲೆಮನೆ
ಸೋರುತ್ತದೆ, ಅದೇ ಅಪಾಯ. ಡಬ್ಬಿಯ ಎರಡೂ ಮುಚ್ಚಳ ಕತ್ತರಿಸಿ, ಒಂದರ ಬಾಯಂಚನ್ನು ಅಲ್ಲಲ್ಲಿ ಸೀಳಿ ಕಿರಿದು ಮಾಡಿ ಇನ್ನೊಂದರೊಳಗೆ ಎರಡು ಬೆರಳಷ್ಟು ಇಳಿಸಬೇಕು. ಮೇಲಿನ ಡಬ್ಬಿ ಕೆಳಗಿನದರ ಒಳಗೆ ಕೂರಬೇಕು. ಆಗ ತಣ್ಣಗಾಗಿ ಇಳಿಯುವ ಕಪ್ಪು ನೀರು ಕೊಳವೆಯೊಳಗೇ ಹರಿದು ಒಲೆಗೆ ಬೀಳುತ್ತದೆ. ತಿರುವುಮುರುವಾದರೆ ಕೀಲಿನಿಂದ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಹೊರಗಿನಿಂದ ಜೇಡಿಮಣ್ಣು ಮೆತ್ತಬೇಕು. ಕಾವಿಗೆ ತಗಡು ಹಿಗ್ಗಿ ಕುಗ್ಗಿ ಮಣ್ಣು ಬಿರಿಯುತ್ತದೆ, ಕೆಲವು ದಿನಕ್ಕೊಮ್ಮೆ ಮತ್ತೆ ಮೆತ್ತಬೇಕು. ತಗಡು ತೆಳು, ಒಲೆಗೆ ಅಂಟಿದ ಮೊದಲ ಡಬ್ಬಿ ಬೇಗ ಸುಟ್ಟು ತೂತಾಗುತ್ತದೆ. ಅದಕ್ಕೊಂದು ಬದಲಿ ಸದಾ ಇರಬೇಕು.

ಕಣ್ಣಿಗೆ ಕಾಣುವ ಹೊಗೆಗಿಂತ ರಾತ್ರಿ ಬೂದಿ ಮುಚ್ಚಿಟ್ಟ ಕೆಂಡ ಕೆಟ್ಟದ್ದು. ಗಾಳಿ ಸಾಲದೆ ಉರಿಯುವಾಗ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ. ಚಳಿಗೆ ಹೆದರಿ ಕಿಟಕಿಯ ಸಂದಿಗೆಲ್ಲ ಕಾಗದ ಅಂಟಿಸಿದ ಕೋಣೆಯಲ್ಲಿ ಅದಕ್ಕೆ ಹೋಗಲು ದಾರಿಯಿರುವುದಿಲ್ಲ. ಮೇಲಿನ ಒಂದು ಸಂದನ್ನು, ಬಾಗಿಲ ಕೆಳಗೆ ಎರಡು ಬೆರಳನ್ನು ತೆರೆದೇ ಬಿಡಬೇಕು. ಬೆಳಿಗ್ಗೆ ಇಡೀ ಕೋಣೆಯವರಿಗೆ ಒಟ್ಟಿಗೆ ತಲೆನೋವು ಬಂದರೆ ಆ ಒಲೆಯನ್ನು ಅಂದೇ ಬಿಚ್ಚಿ ನೋಡಬೇಕು.